ಕೆಂಗೇರಿಯಲ್ಲಿ ಬಾಡಿಗೆ ಮನೆ: ಏರಿಯಾಕ್ಕಿಂತ ಮೊದಲು ಬೀದಿ ನೋಡಿ

ಬೆಂಗಳೂರಿನ ಕೆಂಗೇರಿ ಕಡೆ ಮನೆ ಹುಡುಕುವವರ ಮೊದಲ ಪ್ರಶ್ನೆ, ಮೆಟ್ರೋಗೆ ಎಷ್ಟು ದೂರ? ನೇರಳೆ ಮಾರ್ಗ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂದ ಮೇಲೆ ಬ್ರೋಕರ್‌ಗಳೂ ಅದನ್ನೇ ಮುಂದಿಡುತ್ತಾರೆ. ಆದರೆ ಮೊದಲು ಕೇಳಬೇಕಾದ್ದು ನೀರು. ಒಂದು ಅಡ್ಡರಸ್ತೆಗೆ ಕಾವೇರಿ ನಲ್ಲಿ ನೀರು ಬಂದು, ಪಕ್ಕದ್ದಕ್ಕೆ ಬೋರ್‌ವೆಲ್ಲೇ ಗತಿ ಆಗಿರಬಹುದು.

"ನೀರಿಗೇನೂ ತೊಂದರೆ ಇಲ್ಲ" ಎಂದು ಓನರ್ ಹೇಳಿದರೆ ಅಷ್ಟಕ್ಕೇ ಬಿಡಬೇಡಿ. ಕಾವೇರಿ ವಾರಕ್ಕೆ ಎಷ್ಟು ದಿನ ಬರುತ್ತದೆ, ಸಂಪ್ ಎಷ್ಟು ಲೀಟರಿನದು, ಅದು ಎಷ್ಟು ಮನೆಗೆ ಎಂದು ಬಿಡಿಸಿ ಕೇಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ವರ ಮನೆಗೆ 540. ಅಂಥ ನಾಲ್ಕು ಮನೆಗೆ 6,000 ಲೀಟರಿನ ಸಂಪ್ ಇದ್ದರೆ ಮೂರು ದಿನವೂ ಬರುವುದಿಲ್ಲ. ನೀರು ವಾರಕ್ಕೊಮ್ಮೆ ಬಿಟ್ಟರೆ ಉಳಿದ ದಿನ ಟ್ಯಾಂಕರ್. ಟ್ಯಾಂಕರ್ ದುಡ್ಡು ಮೇಂಟೆನೆನ್ಸ್‌ನಲ್ಲಿ ಸೇರಿದೆಯೋ ಬೇರೆಯೋ ಎಂಬುದನ್ನು ಕರಾರಿನಲ್ಲೇ ಬರೆಸಿ. ಬೀದಿ ಕಿರಿದಾಗಿದ್ದು ಲಾರಿ ಒಳಗೆ ತಿರುಗದಿದ್ದರೆ ದುಡ್ಡು ಕೊಟ್ಟರೂ ನೀರು ಬರಲಿಕ್ಕಿಲ್ಲ. ನಲ್ಲಿ, ಶವರ್ ಬಾಯಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಗಡಸು ನೀರು. ಗೀಸರ್ ಕಾಯಿಲ್ ಬೇಗ ಹೋಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಹೇಗಿತ್ತು ಅನ್ನುವುದನ್ನು ಎದುರು ಮನೆಯ ಬಾಡಿಗೆದಾರರಲ್ಲಿ ಕೇಳಿ, ಅವರಿಗೆ ಮುಚ್ಚಿಡುವ ದರ್ದಿಲ್ಲ.

ಮುಂದಿನದು ವೃಷಭಾವತಿ. ನಗರದ ಕೊಳಚೆ ಹೊತ್ತು ಮೈಸೂರು ರಸ್ತೆಯ ಪಕ್ಕದಲ್ಲೇ ಹರಿಯುವ ಹೊಳೆ ಇದು. ಮಧ್ಯಾಹ್ನ ಗಾಳಿಯಾಡುವಾಗ ಮನೆ ನೋಡಿದರೆ ವಾಸನೆ ತಿಳಿಯದು. ಗಾಳಿ ನಿಂತ ಮುಂಜಾನೆ, ಇಲ್ಲವೇ ರಾತ್ರಿ ಎಂಟರ ನಂತರ ಹೋಗಿ, ಕಿಟಕಿ ತೆಗೆಸಿ ಹತ್ತು ನಿಮಿಷ ನಿಲ್ಲಿ. ರಾತ್ರಿ ಹೋದರೆ ರೈಲಿನ ಹಾರ್ನ್ ಎಷ್ಟು ಕೇಳಿಸುತ್ತದೆ ಎಂಬುದೂ ಗೊತ್ತಾಗುತ್ತದೆ.

ತಗ್ಗು ಗುರುತಿಸಲು ಮಳೆಗಾಲಕ್ಕೆ ಕಾಯಬೇಕಿಲ್ಲ. ಕಾಂಪೌಂಡ್ ಗೋಡೆಗಳ ಬುಡದಲ್ಲಿ ಒಂದೇ ಮಟ್ಟಕ್ಕೆ ಕೆಸರು ಗೆರೆ ಇದೆಯೇ? ಗೇಟಿಗೆ ಅಡ್ಡ ಸಿಮೆಂಟ್ ಕಟ್ಟೆ ಕಟ್ಟಿಕೊಂಡಿದ್ದಾರೆಯೇ? ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಮನೆಯ ಹೊಸಿಲಿಗಿಂತ ಎತ್ತರವಾಗಿದೆಯೇ? ಇವುಗಳಲ್ಲಿ ಎರಡಕ್ಕೆ ಹೌದು ಅನ್ನಿಸಿದರೆ ಅಲ್ಲಿ ನೆಲಮಹಡಿ ಬೇಡ. ಕೊಳ್ಳುವವರಾದರೆ ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಿಡಿದು, ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ರಾಜಕಾಲುವೆ ಪಕ್ಕದಲ್ಲಿವೆಯೇ ನೋಡಿ. ಖಾತೆ ಎ (ಸಕ್ರಮ ಆಸ್ತಿಯದು) ಅಥವಾ ಬಿ (ದಾಖಲೆಯಲ್ಲಿ ಕೊರತೆ ಇರುವ ಆಸ್ತಿಯದು) ಅನ್ನುವುದು ಆಮೇಲಿನ ಮಾತು.

ಈಗ ಮೆಟ್ರೋ. ನಕ್ಷೆಯಲ್ಲಿ 600 ಮೀಟರ್ ಕಂಡರೂ ನಡುವೆ ಮೈಸೂರು ರಸ್ತೆಯೋ ರೈಲು ಹಳಿಯೋ ಇದ್ದರೆ ನಡಿಗೆ ದುಪ್ಪಟ್ಟಾಗಬಹುದು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮನೆ ಬಾಗಿಲಿನಿಂದ ಪ್ಲಾಟ್‌ಫಾರ್ಮ್‌ವರೆಗೆ ನಡೆದೇ ಅಳೆಯಿರಿ. ವೈಟ್‌ಫೀಲ್ಡ್‌ಗೆ ದಿನಾ ಹೋಗುವವರಿಗೆ ಚಲ್ಲಘಟ್ಟದ ಹತ್ತಿರ ಲಾಭವಿದೆ: ರೈಲು ಅಲ್ಲಿಂದಲೇ ಹೊರಡುವುದರಿಂದ ಗಂಟೆಗೂ ಮೀರಿದ ಪಯಣಕ್ಕೆ ಸೀಟು ಸಿಗುವ ಸಂಭವ ಹೆಚ್ಚು. ಎಲೆಕ್ಟ್ರಾನಿಕ್ ಸಿಟಿಯವರು ನೈಸ್ ರಸ್ತೆಯ ಟೋಲನ್ನು ಹೋಗಿ-ಬರುವ ಲೆಕ್ಕದಲ್ಲಿ ತಿಂಗಳಿಗೆ ಗುಣಿಸಿ, ಬಾಡಿಗೆಗೆ ಕೂಡಿಸಿಯೇ ಎರಡು ಮನೆಗಳನ್ನು ಹೋಲಿಸಬೇಕು.