ನಂದಿಗಿಂತ ಗಿಡ್ಡ ಬೆಟ್ಟ: ಸ್ಕಾಟ್ಲೆಂಡಿಗೆ ಓದಲು ಹೊರಟವರಿಗೆ

ರಜೆಗೆ ಚಿಕ್ಕಬಳ್ಳಾಪುರಕ್ಕೆ ಬಂದಾಗಲೆಲ್ಲ ಯಾರಾದರೂ ಮಗನನ್ನೋ ಮಗಳನ್ನೋ ಕರೆದುಕೊಂಡು ಮನೆಗೆ ಬರುತ್ತಾರೆ. "ಗ್ಲಾಸ್ಗೋದಲ್ಲಿ ಸೀಟು ಸಿಕ್ಕಿದೆ, ಸ್ವಲ್ಪ ಹೇಳಿಕೊಡಮ್ಮ" ಅನ್ನುತ್ತಾರೆ. ದೊಡ್ಡವರು ಕೇಳುವುದು ಬಾಡಿಗೆ, ಊಟ. ಅವರು ಕಾಫಿಗೆ ಒಳಗೆ ಹೋದ ಮೇಲೆ ಮಕ್ಕಳು ಮೆಲ್ಲಗೆ ಕೇಳುತ್ತಾರೆ: "ಅಕ್ಕಾ, ಅಲ್ಲಿ ಟ್ರೆಕಿಂಗ್ ಸಖತ್ತಾಗಿರುತ್ತಂತೆ, ಹೌದಾ?" ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಬ್ಯಾಂಕ್ ಖಾತೆ, ಡಾಕ್ಟರ ಹತ್ತಿರ ಹೆಸರು ಬರೆಸುವುದು, ಎಲ್ಲ ಮೊದಲ ವಾರವೇ ಮುಗಿಸಿ. ಯೂನಿವರ್ಸಿಟಿಯವರೇ ಪಟ್ಟಿ ಕೊಡುತ್ತಾರೆ.

ಇನ್ನು ಬೆಟ್ಟ. ನಾನು 2012ರ ಸೆಪ್ಟೆಂಬರಿನಲ್ಲಿ ಹೋದೆ. ಮೊದಲ ವಾರದಲ್ಲೇ ಗೊತ್ತಾಯಿತು, ಇಡೀ ಬ್ರಿಟನ್ನಿಗೇ ಎತ್ತರದ ಬೆಟ್ಟ ಬೆನ್ ನೆವಿಸ್, ಅದರ ಎತ್ತರ 1345 ಮೀಟರ್. ನಮ್ಮ ನಂದಿ 1478. ನನಗೆ ನಗು ತಡೆಯಲಾಗಲಿಲ್ಲ. ಸ್ಕೂಲ್ ಪಿಕ್‌ನಿಕ್ಕಿಗೆ ಪುಳಿಯೋಗರೆ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದ ಬೆಟ್ಟ ಇವರ ದೇಶಕ್ಕಿಂತ ಎತ್ತರ! ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವರು ಪಾಪ, ತಲೆ ಆಡಿಸಿದರು.

ಆ ಜಂಬ ನವೆಂಬರಿನವರೆಗೆ ನಡೆಯಿತು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ನಮಗೂ ಅವರಿಗೂ ಐದೂವರೆ ಗಂಟೆ ವ್ಯತ್ಯಾಸ. ಡಿಸೆಂಬರಿನಲ್ಲಿ ಮಧ್ಯಾಹ್ನ ಪೌಣೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕ್ಲಾಸ್ ಮುಗಿಸಿ, ಕತ್ತಲಲ್ಲಿ ನಡೆದು, ರೂಮಿನ ಬೀಗ ತೆಗೆದು, ಇನ್ನೇನು ಅಳು ಬರುತ್ತದೆ ಅನ್ನುವ ಹೊತ್ತಿಗೆ ನಮ್ಮೂರಲ್ಲಿ ರಾತ್ರಿ ಹತ್ತೂವರೆ. ಅಮ್ಮ ಮುದ್ದೆ ಉಂಡು, ಪಾತ್ರೆ ತೊಳೆದು ಮಲಗಿರುತ್ತಿದ್ದಳು. ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ. ಬೆಳಗ್ಗೆ ಅವಳು ಫೋನ್ ಮಾಡಿದರೆ "ಚೆನ್ನಾಗಿದ್ದೀನಿ" ಅನ್ನುತ್ತಿದ್ದೆ. ಅಷ್ಟು ಹೊತ್ತಿಗೆ ನಿಜವಾಗಿ ಚೆನ್ನಾಗಿಯೇ ಇರುತ್ತಿದ್ದೆ, ಅದೇ ತಮಾಷೆ. ಅದೇ ತಿಂಗಳು ತಂಗಿ ಅವರೆಕಾಯಿ ರಾಶಿಯ ಫೋಟೋ ಕಳಿಸಿದಳು. ಸೊಗಡಿನ ಕಾಯಿ, ಮುಂದೆ ಅಜ್ಜಿ ಕಾಲು ನೀಡಿ ಕೂತು ಬೇಳೆ ಹಿದುಕುತ್ತಿದ್ದಾರೆ. ಆ ಫೋಟೋ ನೋಡಿ ಎರಡು ದಿನ ಕ್ಲಾಸಿಗೆ ಹೋಗಲಿಲ್ಲ. ಕ್ರಿಸ್‌ಮಸ್ ರಜೆ ಪೂರ್ತಿ ನೂಡಲ್ಸ್ ತಿಂದುಕೊಂಡು ಹಾಸಿಗೆಯಲ್ಲೇ ಇದ್ದೆ. ಹಾಗೆ ಮಾಡಬೇಡಿ. ಇರುವ ಬೆಳಕು ಅಷ್ಟೇ, ಹನ್ನೆರಡಕ್ಕೆ ಎದ್ದರೆ ಅದೂ ಹೋಯಿತು. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಿ ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ, ಕೇಳಿ.

ಏಪ್ರಿಲ್‌ನಲ್ಲಿ ಬಿಸಿಲು ಬಂತು. ಮಧುಗಿರಿಯ ಗೆಳತಿಯೊಬ್ಬಳಿದ್ದಳು, ಏಕಶಿಲಾ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿದವಳು. ನಾನು ನಂದಿಯವಳು. ಇಬ್ಬರೂ ಬೆನ್ ನೆವಿಸ್ ಹತ್ತಲೆಂದು ಅದರ ಬುಡದ ಊರು ಫೋರ್ಟ್ ವಿಲಿಯಂಗೆ ರೈಲು ಹತ್ತಿದೆವು. ಜೀನ್ಸ್, ಹತ್ತಿಯ ಹೂಡಿ, ಮಾಮೂಲಿ ಶೂ, ಒಂದು ಡಬ್ಬಿ ಚಿತ್ರಾನ್ನ. ಯಾರಿಗೂ ಹೇಳಿರಲಿಲ್ಲ.

ನಾನು ಲೆಕ್ಕ ತಪ್ಪಿದ್ದು ಇಲ್ಲಿ. ಚಿಕ್ಕಬಳ್ಳಾಪುರವೇ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸುಲ್ತಾನ್‌ಪೇಟೆ ಕಡೆಯಿಂದ ಮೆಟ್ಟಿಲು ಹತ್ತಿದರೂ ನಂದಿಯಲ್ಲಿ ನಾವು ಹತ್ತುವುದು 600 ಮೀಟರಿಗಿಂತ ಕಮ್ಮಿ. ಬೆನ್ ನೆವಿಸ್ ದಾರಿ ಶುರುವಾಗುವುದು ಹೆಚ್ಚುಕಮ್ಮಿ ಸಮುದ್ರದ ಮಟ್ಟದಲ್ಲೇ. ಎರಡು ಗಂಟೆ ಏದುಸಿರು ಬಿಟ್ಟ ಮೇಲೆ ಒಂದು ಕೆರೆ ಸಿಕ್ಕಿತು. "ಮುಗೀತು ಕಣೆ" ಅಂದಳು ಗೆಳತಿ. ಆ ಕೆರೆ ಇರುವುದು ಸುಮಾರು 570 ಮೀಟರಿನಲ್ಲಿ. ಒಂದು ನಂದಿ ಹತ್ತಿ ಆಗಿತ್ತು, ಇವರ ಬೆಟ್ಟ ಅರ್ಧವೂ ಆಗಿರಲಿಲ್ಲ.

ನಮ್ಮ ಕಡೆಯದು ಒಣಗಿದ ಬಂಡೆ, ಕಾಲು ಹಿಡಿಯುತ್ತದೆ. ಅಲ್ಲಿ ಎಲ್ಲ ಒದ್ದೆ. ಮೇಲೆ ಹೋದಂತೆ ಮೋಡ ಬಂತು, ಮಳೆ ಬಂತು, ಆಮೇಲೆ ಕಾಲ ಕೆಳಗೆ ಹಿಮ. ಒದ್ದೆಯಾದ ಜೀನ್ಸ್ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಫೋನ್ ಚಳಿಗೆ ಆರಿಹೋಯಿತು. ಚಿತ್ರಾನ್ನ ಕಲ್ಲಿನಂತಾಗಿತ್ತು. ತುದಿಯ ಉತ್ತರಕ್ಕೆ ನೆಟ್ಟಗೆ ಕಡಿದಾದ ಪ್ರಪಾತವಿದೆ ಅಂತ ನಮಗೆ ಗೊತ್ತೇ ಇರಲಿಲ್ಲ.

ಎದುರಿಗೆ ಒಬ್ಬ ಮುದುಕರು ಇಳಿದು ಬಂದರು. ಬೂಟಿಗೆ ಉಕ್ಕಿನ ಮೊಳೆ, ಕೈಯಲ್ಲಿ ಪುಟ್ಟ ಪಿಕಾಸಿ. ನಮ್ಮ ಶೂ ನೋಡಿದರು. ಬಯ್ಯಲಿಲ್ಲ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ಯಾವ ಊರು ಅಂದರು. ಯಾರು ಕೇಳಿದರೂ ಬೆಂಗಳೂರು ಅನ್ನುತ್ತಿದ್ದವಳು ಅವತ್ತು ಯಾಕೋ "ಚಿಕ್ಕಬಳ್ಳಾಪುರ" ಅಂದೆ. ಏಳು ತಿಂಗಳಲ್ಲಿ ಆ ಹೆಸರನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಅವರು ಎರಡು ಸಲ ಹೇಳಲು ನೋಡಿ, ಎರಡು ಸಲವೂ ನಡುವೆ ಎಡವಿದರು. ನಾನು ಟೀ ಲೋಟ ಹಿಡಿದು ಗೊಳೋ ಅಂತ ಅತ್ತೆ. ಕೆಳಗಿನವರೆಗೂ ನಮ್ಮ ಜೊತೆಯೇ ನಡೆದರು.

ಈಗ ಕೇಳಿ. ಯೂನಿವರ್ಸಿಟಿಯ ಹಿಲ್‌ವಾಕಿಂಗ್ ಕ್ಲಬ್ಬಿಗೆ ಸೇರಿ. ಚಂದಾ ಕಮ್ಮಿ, ಮಿನಿಬಸ್ಸಿನಲ್ಲಿ ಕರೆದೊಯ್ಯುತ್ತಾರೆ, ಎಷ್ಟೋ ಕಡೆ ರೇನ್‌ಕೋಟ್ ಕೂಡ ಕೊಡುತ್ತಾರೆ. ಬೂಟು ಮಾತ್ರ ನಿಮ್ಮದೇ ಕೊಳ್ಳಿ. 3000 ಅಡಿ ದಾಟಿದ ಬೆಟ್ಟಗಳಿಗೆ ಅಲ್ಲಿ ಮನ್ರೋ ಅನ್ನುತ್ತಾರೆ, 1891ರಲ್ಲಿ ಪಟ್ಟಿ ಮಾಡಿದ ಹ್ಯೂ ಮನ್ರೋ ಹೆಸರಲ್ಲಿ. ಈಗ 282 ಇವೆ. (ನಮ್ಮ ತಾತನಿಗೆ ಇದು ಕೇಳಿ ಖುಷಿಯೋ ಖುಷಿ. ಅವರು ಅಂದುಕೊಂಡಿದ್ದು ಅನಂತಪುರದ ಕಡೆಯ ಮನ್ರೋ ದೊರೆ. ಆ ಥಾಮಸ್ ಮನ್ರೋ ಬೇರೆ, ಆದರೆ ಹುಟ್ಟಿದ್ದು ಗ್ಲಾಸ್ಗೋದಲ್ಲೇ.) ಚಳಿಗಾಲದಲ್ಲಿ ಒಬ್ಬರೇ ಹೋಗಲೇಬೇಡಿ. ಸಿಕ್ಕಿಬಿದ್ದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಿ. ದುಡ್ಡು ಕೇಳುವುದಿಲ್ಲ, ಹೆಚ್ಚಿನವರು ಸ್ವಯಂಸೇವಕರು. ಫೋನ್ ಸತ್ತರೆ ಸೀಟಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಬೇಸಿಗೆಯಲ್ಲಿ ಮಿಡ್ಜ್ ಅನ್ನುವ ಸಣ್ಣ ನೊಣಗಳು ಗಾಳಿ ನಿಂತ ಸಂಜೆ ಮುತ್ತಿಕೊಳ್ಳುತ್ತವೆ. ನಮ್ಮ ಹಸುಗಳಿಗೆ ಹತ್ತುವಂಥ ಉಣ್ಣೆಯೂ ಹುಲ್ಲಿನಲ್ಲಿರುತ್ತದೆ, ಬಂದ ಮೇಲೆ ಕಾಲು ನೋಡಿಕೊಳ್ಳಿ. ತಿನ್ನಲು ಕಡ್ಲೆಕಾಯಿ ಚಿಕ್ಕಿ, ನಿಪ್ಪಟ್ಟು. ಅನ್ನ ಬೇಡ.

ಈಗ ನನಗೆ ಎಂಟು ವರ್ಷದ ಮಗಳಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಈ ಸಲ ನಂದಿಗೆ ಕರೆದೊಯ್ದೆ. ಕಾರು ತುದಿಯವರೆಗೂ ಬರುವಾಗ ಇದು ಬೆಟ್ಟ ಹೇಗೆ ಅಂತ ಕೇಳಿದಳು. ಮೂರನೇ ದಿನ ರಾತ್ರಿ ಅಳುತ್ತಾ "ಮನೆಗೆ ಹೋಗೋಣ" ಅಂದಳು, ಅದೂ ಕನ್ನಡದಲ್ಲೇ. "ಇದೇ ಮನೆ ಕಣೇ" ಅಂದಳು ನಮ್ಮಮ್ಮ. ಯಾರ ಪರ ಮಾತಾಡಬೇಕೋ ನನಗೆ ತಿಳಿಯಲಿಲ್ಲ.

ಇನ್ನೊಂದು. ಬೆಟ್ಟಕ್ಕೆ ಹೋಗುವ ಮುಂಚೆ ಯಾರಿಗಾದರೂ ಹೇಳಿ ಹೋಗಿ, ಇಳಿದ ಮೇಲೆ ಅವರಿಗೆ ತಿಳಿಸಿ. ಆ ಏಪ್ರಿಲ್ ಆದ ಮೇಲೆ ನಾನು ಅಮ್ಮನಿಗೆ ಹೇಳಲು ಶುರು ಮಾಡಿದೆ. ಬೆಟ್ಟಗಳ ಹೆಸರು ಅವಳ ಬಾಯಿಗೆ ಬರುತ್ತಿರಲಿಲ್ಲ. ಮೊನ್ನೆ ಅಟ್ಟದಲ್ಲಿ ಹಳೇ ಕ್ಯಾಲೆಂಡರ್‌ಗಳು ಸಿಕ್ಕವು. ಹಾಲಿನ ಲೆಕ್ಕದ ಪಕ್ಕದಲ್ಲಿ ಕೆಲವು ದಿನಗಳ ಮೇಲೆ "ಬೆಟ್ಟ" ಅಂತ ಬರೆದಿದ್ದಾಳೆ, ಅದರ ಕೆಳಗೆ "ಇಳಿದ್ಲು". ಒಂದು ಶನಿವಾರದ ಮೇಲೆ ಬರೀ "ಬೆಟ್ಟ" ಅಂತಿದೆ. ಅವತ್ತು ಗೆಳೆಯರ ಜೊತೆ ಊಟಕ್ಕೆ ಕೂತು, ಫೋನ್ ಮಾಡುವುದು ಮರೆತಿದ್ದೆ.