ಕ್ಯೂರಿಂಗ್ ವರ್ಕ್ಸ್‌ಗೆ ಸಿಡಿಲಿನಿಂದ ರಕ್ಷಣೆ: ಚಾವಣಿಗಿಂತ ಮೊದಲು ನೆಲ ನೋಡಿ

ಕೊಡಗಿನಲ್ಲಿ ಗುಡುಗು ಸಿಡಿಲಿನ ಕಾಟ ಹೆಚ್ಚಿರುವುದು ಜೂನ್, ಜುಲೈನ ಜಡಿಮಳೆಯಲ್ಲಲ್ಲ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಕಳೆದ ಮೇಲೆ ಸುರಿಯುವ ಮುಂಗಾರುಪೂರ್ವ ಮಳೆಯಲ್ಲಿ, ಮತ್ತೆ ಅಕ್ಟೋಬರ್ ಸುಮಾರಿನಲ್ಲಿ. ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ ನೆಲ ತಿಂಗಳುಗಟ್ಟಲೆ ಒಣಗಿರುತ್ತದೆ, ಒಣಗಿದ ನೆಲ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದನ್ನು ಮರೆತು ಅಳವಡಿಸಿದ ಮಿಂಚುವಾಹಕಗಳನ್ನು ಕುಶಾಲನಗರದ ಸುತ್ತಿನ, ಒಣಗಿಸಿದ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲೂ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗಳಲ್ಲೂ ಎಷ್ಟೋ ಸಲ ಕಂಡಿದ್ದೇನೆ. ಒಂದು ಕಡೆ ಚಾವಣಿಯ ಮೇಲೆ ತಾಮ್ರದ ಸರಳು ಥಳಥಳಿಸುತ್ತಿತ್ತು. ಕೆಳಗೆ, ಸಿಡಿಲಿನ ವಿದ್ಯುತ್ತನ್ನು ನೆಲಕ್ಕೆ ಬಿಡುವ ಅರ್ಥ್ ಗುಂಡಿಯ ಮುಚ್ಚಳ ಎತ್ತಿದರೆ ಬೋಲ್ಟ್ ತುಕ್ಕು ಹಿಡಿದು ಕಳಚಿ, ಸರಳಿನಿಂದ ಇಳಿದ ಪಟ್ಟಿಯ ತುದಿ ನೆಲದೊಳಗಿನ ಪೈಪಿನಿಂದ ನಾಲ್ಕು ಬೆರಳು ದೂರದಲ್ಲಿ ಜೇಡರ ಬಲೆಯ ನಡುವೆ ನಿಂತಿತ್ತು.

ಮೊದಲ ಹಂತ ಚಾವಣಿ. ಹಳೆಯ ಐ.ಎಸ್. 2309ರ ಜಾಗಕ್ಕೆ ಬಂದಿರುವ ಐ.ಎಸ್./ಐ.ಇ.ಸಿ. 62305 ಮಾನಕವು ಕಟ್ಟಡಗಳಿಗೆ ನಾಲ್ಕು ರಕ್ಷಣಾ ಮಟ್ಟಗಳನ್ನು ಹೇಳುತ್ತದೆ. ಮೂರನೆಯ ಮಟ್ಟಕ್ಕೆ 45 ಮೀಟರ್ ತ್ರಿಜ್ಯದ ಚೆಂಡೊಂದು ಕಟ್ಟಡದ ಮೇಲೆ ಉರುಳಿದಂತೆ ಕಲ್ಪಿಸಿಕೊಂಡು, ಅದು ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಸರಳು ಅಥವಾ ವಾಹಕ ಪಟ್ಟಿ ಇರುವಂತೆ ನೋಡಿಕೊಳ್ಳಬೇಕು. ತಗಡಿನ ಚಾವಣಿಯೇ ಸಾಕೆಂದು ಕೆಲವರು ವಾದಿಸುತ್ತಾರೆ. ಆದರೆ ಸಿಡಿಲು ತೂತು ಮಾಡದಿರಲು ಉಕ್ಕಿನ ತಗಡು 4 ಮಿಲಿಮೀಟರ್ ದಪ್ಪವಿರಬೇಕು; ನಮ್ಮ ಗೋದಾಮುಗಳ ತಗಡು ಅರ್ಧ ಮಿಲಿಮೀಟರಿನ ಆಸುಪಾಸಿನದು, ಅದರ ಕೆಳಗಿರುವುದು ಗೋಣಿಚೀಲ ಮತ್ತು ಕಾಫಿ ಹೊಟ್ಟು. ಆದ್ದರಿಂದ ಸರಳು ಬೇಕೇ ಬೇಕು.

ಇಲ್ಲೊಂದು ಎಚ್ಚರಿಕೆ. 'ಒಂದೇ ಸಾಧನದಿಂದ ಇಡೀ ಕಣ, ಗೋದಾಮು, ಆಫೀಸು ಎಲ್ಲಕ್ಕೂ ರಕ್ಷಣೆ' ಎಂದು ಮಾರುವ ದುಬಾರಿ ಅರೆಸ್ಟರ್‌ಗಳನ್ನು ಕೊಳ್ಳಬೇಡಿ. ಮೇಲೆ ಹೇಳಿದ ಮಾನಕವು ಸರಳಿನ ನಿಜವಾದ ಉದ್ದ, ಎತ್ತರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಮಾರುವವರು ಹೇಳುವ ಹೆಚ್ಚಿನ ವ್ಯಾಪ್ತಿಯನ್ನಲ್ಲ. ಆ ಹಣದಲ್ಲಿ ಇನ್ನೂ ನಾಲ್ಕು ಸಾದಾ ಸರಳು ಹಾಕಿಸಬಹುದು.

ಎರಡನೆಯ ಹಂತ ಇಳಿವಾಹಕಗಳು, ಅಂದರೆ ಚಾವಣಿಯ ಸರಳಿನಿಂದ ನೆಲಕ್ಕೆ ಇಳಿಯುವ ಪಟ್ಟಿಗಳು: ಕನಿಷ್ಠ ಎರಡು, ಮೂರನೆಯ ಮಟ್ಟಕ್ಕೆ ಸುಮಾರು 15 ಮೀಟರಿಗೊಂದು, 50 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ಪಟ್ಟಿ, ನೇರವಾದ ದಾರಿ, ಚೂಪಾದ ತಿರುವು ಕೂಡದು. ಕಾರ್ಮಿಕರು ಮಳೆಗೆ ಆಶ್ರಯ ಪಡೆಯುವ ಜಗಲಿಯ ಪಕ್ಕದಲ್ಲಿ ಪಟ್ಟಿಯನ್ನು ಇಳಿಸಲೇಬೇಡಿ.

ಇನ್ನು ಮೂರನೆಯ ಹಂತ, ಅರ್ಥಿಂಗ್. ಕೆಲಸ ಕೆಡುವುದು ಇಲ್ಲಿಯೇ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ನಮ್ಮ ಹೆಚ್ಚಿನ ಕಟ್ಟಡಗಳಿವೆ. ಒಂದು ಬದಿ ಗಟ್ಟಿ ಕಲ್ಲು, ಇನ್ನೊಂದು ಬದಿ ತಂದು ಸುರಿದ ಸಡಿಲ ಮಣ್ಣು. ಅಗೆಯಲು ಸುಲಭವೆಂದು ಗುತ್ತಿಗೆದಾರರು ಸಡಿಲ ಮಣ್ಣಿನಲ್ಲಿಯೇ ಗುಂಡಿ ತೋಡುತ್ತಾರೆ, ಅಲ್ಲಿ ರಾಡಿಗೂ ಮಣ್ಣಿಗೂ ಸರಿಯಾದ ಹಿಡಿತವೇ ಇರುವುದಿಲ್ಲ. ಗುಂಡಿಗೆ ಇದ್ದಿಲು, ಉಪ್ಪು ಸುರಿಯುವುದು ಇನ್ನೊಂದು ಹಳೆಯ ಚಾಳಿ. ನಮ್ಮ ಮಳೆಗೆ ಉಪ್ಪು ಕೆಲವೇ ವರ್ಷಗಳಲ್ಲಿ ತೊಳೆದುಹೋಗುತ್ತದೆ, ಹೋಗುವ ಮುನ್ನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ತಿಂದುಹಾಕಿರುತ್ತದೆ. ಉಪ್ಪಿನ ಬದಲು ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಯನ್ನು ಗಂಜಿಯ ಹದಕ್ಕೆ ಕಲಸಿ ರಾಡಿನ ಸುತ್ತ ತುಂಬಿ.

ನನ್ನ ಆಯ್ಕೆ ಇದು: ಗೋಡೆಯಿಂದ ಒಂದು ಮೀಟರ್ ಆಚೆ, ಕನಿಷ್ಠ ಅರ್ಧ ಮೀಟರ್ ಆಳದಲ್ಲಿ ಇಡೀ ಕಟ್ಟಡವನ್ನು ಸುತ್ತುವ ಒಂದು ಪಟ್ಟಿಯ ಬಳೆ, ಪ್ರತಿ ಇಳಿವಾಹಕದ ಬುಡದಲ್ಲಿ ಆ ಬಳೆಗೆ ಜೋಡಿಸಿದ 3 ಮೀಟರ್ ಉದ್ದದ, 250 ಮೈಕ್ರಾನ್ ತಾಮ್ರ ಲೇಪನದ ಉಕ್ಕಿನ ರಾಡು. ಒಂದೇ ಕಡೆ ಹೆಚ್ಚು ರಾಡು ಹಾಕುವುದಾದರೆ ನಡುವೆ ಕನಿಷ್ಠ 6 ಮೀಟರ್ ಅಂತರವಿರಲಿ, ಹತ್ತಿರ ಹತ್ತಿರ ಹೊಡೆದರೆ ಎರಡು ರಾಡು ಸೇರಿ ಒಂದೂವರೆ ರಾಡಿನ ಕೆಲಸವನ್ನೂ ಮಾಡುವುದಿಲ್ಲ. ಅಗ್ಗದ ರಾಡಿನ ಲೇಪನ ಕಾಗದದಷ್ಟು ತೆಳು. ಅಂಗಡಿಯಲ್ಲಿಯೇ ಅರದಿಂದ ಎರಡು ಸಲ ಉಜ್ಜಿ, ಬಿಳಿ ಉಕ್ಕು ಇಣುಕಿದರೆ ವಾಪಸು ಕೊಡಿ. ತಾಮ್ರವನ್ನು ಜಿ.ಐ.ಗೆ ನೇರವಾಗಿ ಬಿಗಿದರೆ ತೇವದಲ್ಲಿ ಸತು ಬೇಗ ಸವೆಯುತ್ತದೆ, ಅಂಥ ಕಡೆ ದ್ವಿಲೋಹದ ಕ್ಲಾಂಪು ಬಳಸಬೇಕು.

ಅಳತೆಯೂ ಈ ಹಂತದ್ದೇ. ವಿದ್ಯುತ್ತಿಗೆ ನೆಲ ಒಡ್ಡುವ ತಡೆ, ಅಂದರೆ ರೋಧ 10 ಓಮ್‌ಗಿಂತ ಕಡಿಮೆಯಿರಬೇಕೆಂಬುದು ಸಾಮಾನ್ಯ ಸಲಹೆ. ಒಬ್ಬರ ಕಡತದಲ್ಲಿ ಜುಲೈ ತಿಂಗಳ 4 ಓಮ್‌ನ ಪ್ರಮಾಣಪತ್ರವಿತ್ತು, ಅದೇ ಗುಂಡಿಯನ್ನು ನಾವು ಮಾರ್ಚ್‌ನಲ್ಲಿ ಅಳೆದಾಗ ಮುಳ್ಳು 38ರಲ್ಲಿ ನಿಂತಿತು. ಅಳೆಯುವಾಗ ಇಳಿವಾಹಕದ ಟೆಸ್ಟ್ ಲಿಂಕ್ (ಅಳತೆಗೆಂದು ಬಿಚ್ಚಬಹುದಾದ ಜೋಡಣೆ) ಬಿಚ್ಚಿ ರಾಡನ್ನು ಒಂಟಿಯಾಗಿಸಬೇಕು, ಇಲ್ಲದಿದ್ದರೆ ಲೈನಿನ ನ್ಯೂಟ್ರಲ್ ಮತ್ತು ಉಳಿದ ಗುಂಡಿಗಳೆಲ್ಲ ಸೇರಿಕೊಂಡು ಸುಳ್ಳು ಲೆಕ್ಕ ತೋರಿಸುತ್ತವೆ. ಅರ್ಥ್ ಟೆಸ್ಟರಿನ ಕರೆಂಟ್ ಗೂಟವನ್ನು 40 ಮೀಟರ್ ದೂರದಲ್ಲಿ ಹೊಡೆದರೆ ವೋಲ್ಟೇಜ್ ಗೂಟ ಅದೇ ಸಾಲಿನಲ್ಲಿ 25 ಮೀಟರ್ ಸುಮಾರಿಗೆ ಬರಬೇಕು. ಅದನ್ನು ತುಸು ಹಿಂದೆ ಮುಂದೆ ಸರಿಸಿದಾಗಲೂ ಅಂಕಿ ಹೆಚ್ಚು ಬದಲಾಗದಿದ್ದರೆ ಮಾತ್ರ ಆ ಅಳತೆಯನ್ನು ನಂಬಿ. ಗುಡುಗು ಕೇಳಿಸುತ್ತಿರುವಾಗ ಲಿಂಕ್ ಮುಟ್ಟಬೇಡಿ.

ನಾಲ್ಕನೆಯದು ಎಲ್ಲವನ್ನೂ ಒಂದುಗೂಡಿಸುವುದು. 30 ಸಾವಿರ ಆಂಪಿಯರ್‌ನ ಸಿಡಿಲು 10 ಓಮ್‌ನ ನೆಲಕ್ಕೆ ಇಳಿದರೆ ಆ ಗುಂಡಿಯ ವೋಲ್ಟೇಜ್ 3 ಲಕ್ಷಕ್ಕೇರುತ್ತದೆ. ಯಂತ್ರಗಳ ಅರ್ಥ್ ಬೇರೆ, ಮಿಂಚುವಾಹಕದ ಅರ್ಥ್ ಬೇರೆ ಎಂದು ಪ್ರತ್ಯೇಕವಾಗಿಟ್ಟರೆ ಈ ವ್ಯತ್ಯಾಸ ನಿಮ್ಮ ಯಂತ್ರಗಳ ಮೂಲಕವೇ ಹಾಯುತ್ತದೆ. ನೀರಿನ ಪೈಪು, ಡ್ರೈಯರಿನ ಚಿಮಣಿ, ಜನರೇಟರ್, ಬೋರ್‌ವೆಲ್ ಕೇಸಿಂಗ್ ಎಲ್ಲವೂ ಅರ್ಥ್ ತಂತಿಗಳೆಲ್ಲ ಕೂಡುವ ಮುಖ್ಯ ಅರ್ಥ್ ಬಾರಿಗೆ ಸೇರಬೇಕು.

ಕೊನೆಯ ಹಂತ ಸರ್ಜ್ ರಕ್ಷಕ, ಅಂದರೆ ಲೈನಿನಲ್ಲಿ ದಿಢೀರನೆ ನುಗ್ಗುವ ಹೆಚ್ಚಿನ ವೋಲ್ಟೇಜನ್ನು ತಡೆಯುವ ಎಸ್.ಪಿ.ಡಿ. ಸಿಡಿಲು ದೂರದ ಲೈನಿಗೆ ಬಡಿದರೂ ಸುಡುವುದು ಬೀಜಗಳನ್ನು ಬಣ್ಣ ನೋಡಿ ಬೇರ್ಪಡಿಸುವ ಕಲರ್ ಸಾರ್ಟರಿನ ಕಾರ್ಡು ಮತ್ತು ಲಾರಿ ತೂಗುವ ವೇಬ್ರಿಡ್ಜಿನ ಲೋಡ್ ಸೆಲ್. ಮುಖ್ಯ ಪ್ಯಾನೆಲ್ಲಿಗೆ ಟೈಪ್ 1, ಒಳಗಿನ ಬೋರ್ಡುಗಳಿಗೆ ಟೈಪ್ 2 ಹಾಕಿಸಿ, ಡೇಟಾ ಕೇಬಲ್ಲಿಗೆ ಬೇರೆಯದೇ ಎಸ್.ಪಿ.ಡಿ. ಬೇಕು. ಜೋಡಿಸುವ ವೈರು ಒಟ್ಟು ಅರ್ಧ ಮೀಟರ್ ಮೀರಬಾರದು; ಚೆಂದಕ್ಕೆಂದು ಸುರುಳಿ ಸುತ್ತಿದ ಉದ್ದನೆಯ ವೈರಿನಲ್ಲಿಯೇ ಸಾವಿರಾರು ವೋಲ್ಟ್ ಹುಟ್ಟಿಕೊಂಡು ಎಸ್.ಪಿ.ಡಿ. ಇದ್ದೂ ಇಲ್ಲದಂತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಬಯಲಿನಲ್ಲಿರುವ ಕಣದಲ್ಲಿ ಕಾಫಿ ರಾಶಿ ಮಾಡುವವರಿಗೆ ಇದರಿಂದ ರಕ್ಷಣೆಯಿಲ್ಲ. ಮೇಸ್ತ್ರಿಯ ಫೋನಿನಲ್ಲಿ ಸಿಡಿಲಿನ ಮುನ್ನೆಚ್ಚರಿಕೆ ಕೊಡುವ 'ದಾಮಿನಿ' ಅಥವಾ 'ಸಿಡಿಲು' ಆ್ಯಪ್ ಇರಲಿ, ಗುಡುಗು ಕೇಳಿದೊಡನೆ ಎಲ್ಲರೂ ಕಟ್ಟಡದೊಳಗೆ ಬರಲಿ. ಸಿಲ್ವರ್ ಓಕ್ ಮರದ ಬುಡಕ್ಕಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವ ತನಕ ಟಾರ್ಪಾಲಿನ್ ಹೊದಿಸಲೂ ಹೊರಗೆ ಕಳಿಸಬೇಡಿ. ಅರ್ಥ್ ಅಳತೆಯನ್ನು ಪ್ರತಿವರ್ಷ ಹೂಮಳೆಗೆ ಮುನ್ನ ಒಣನೆಲದಲ್ಲಿ ಮಾಡಿಸಿ, ಅಂಕಿಯನ್ನೂ ತಾರೀಕನ್ನೂ ಗುಂಡಿಯ ಮುಚ್ಚಳದ ಒಳಮೈಯಲ್ಲಿ ಪೇಂಟಿನಿಂದ ಬರೆಸಿ. ಆಗ ಓದುವುದಕ್ಕಾದರೂ ಯಾರಾದರೂ ಮುಚ್ಚಳ ಎತ್ತುತ್ತಾರೆ.