ರಾಸಾಯನಿಕ ಸೋರಿಕೆಗೆ ಊರಿನ ತುರ್ತು ಯೋಜನೆ ರೂಪಿಸುವ ಬಗೆ

ಭೋಪಾಲ್ ದುರಂತದ ಬಳಿಕ ಬಂದ 1989ರ ನಿಯಮಗಳ ಪ್ರಕಾರ, ಕಾರ್ಖಾನೆಯ ಆವರಣದೊಳಗಿನ ತುರ್ತು ಯೋಜನೆ ಮಾಲೀಕರ ಹೊಣೆ, ಗೋಡೆಯಾಚೆಗಿನ ಯೋಜನೆ ಸರ್ಕಾರದ ಹೊಣೆ. 1996ರ ನಿಯಮಗಳು ಇದಕ್ಕಾಗಿ ಕೇಂದ್ರ, ರಾಜ್ಯ, ಜಿಲ್ಲೆ ಮತ್ತು ಸ್ಥಳೀಯ ಹಂತದಲ್ಲಿ ಬಿಕ್ಕಟ್ಟು ನಿರ್ವಹಣಾ ಸಮಿತಿಗಳನ್ನು ಗೊತ್ತುಪಡಿಸಿವೆ. ಮಂಗಳೂರಿನ ಬೈಕಂಪಾಡಿ, ಪಣಂಬೂರಿನಂತಹ ಕಾರ್ಖಾನೆಗಳಿರುವ ಕಡೆ ಸುತ್ತಲಿನ ಜನರ ಜೀವ ನಿಂತಿರುವುದು ಸ್ಥಳೀಯ ಸಮಿತಿ ಎಷ್ಟು ಚುರುಕಾಗಿದೆ ಎಂಬುದರ ಮೇಲೆ.

ಮೊದಲು ಯಾವ ವಸ್ತು, ಎಲ್ಲಿ, ಎಷ್ಟು ಇದೆ ಎಂಬ ಪಟ್ಟಿ ಮಾಡಬೇಕು. ದೊಡ್ಡ ಕಾರ್ಖಾನೆಗಳನ್ನು ಯಾರೂ ಮರೆಯುವುದಿಲ್ಲ. ಬಿಟ್ಟುಹೋಗುವುದು ನೀರು ಶುದ್ಧೀಕರಣ ಘಟಕದ ಕ್ಲೋರಿನ್ ಸಿಲಿಂಡರ್, ಮೀನುಗಾರಿಕೆಯನ್ನು ನಂಬಿದ ಐಸ್ ಪ್ಲಾಂಟ್‌ಗಳ ಅಮೋನಿಯಾ ಹಾಗೂ ಹೆದ್ದಾರಿಯ ಟ್ಯಾಂಕರ್‌ಗಳು. 2013ರಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿಕೊಂಡಾಗ ಸತ್ತವರು ಯಾವ ಕಾರ್ಖಾನೆಯ ನೆರೆಯವರೂ ಆಗಿರಲಿಲ್ಲ.

ಪ್ರತಿ ವಸ್ತುವಿನ ಎದುರು ಅದರ ಸ್ವಭಾವವನ್ನೂ ಬರೆಯಿರಿ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ, ಮತ್ತು ಸೋರುವ ಜಾಗಕ್ಕೇ ನೀರು ಹೊಡೆದರೆ ಲೋಹ ಕೊರೆದು ಸೋರಿಕೆ ಹೆಚ್ಚುತ್ತದೆ. ಅಮೋನಿಯಾ ಆವಿಯನ್ನಾದರೋ ನೀರಿನ ತುಂತುರು ಹೀರಿಕೊಳ್ಳುತ್ತದೆ. ಎಲ್‌ಪಿಜಿ ಚರಂಡಿ, ತೋಡುಗಳಗುಂಟ ಹರಿದು ದೂರದ ಒಲೆಯಿಂದಲೂ ಹೊತ್ತಿಕೊಳ್ಳಬಲ್ಲದು.

ಬಳಿಕ ನಕ್ಷೆ. ಕರಾವಳಿಯಲ್ಲಿ ಸಾಮಾನ್ಯವಾಗಿ ಹಗಲು ಕಡಲಿನಿಂದ ನೆಲದ ಕಡೆಗೂ ರಾತ್ರಿ ನೆಲದಿಂದ ಕಡಲಿನ ಕಡೆಗೂ ಗಾಳಿ ಬೀಸುವುದರಿಂದ, ಒಂದೇ ನಕ್ಷೆಯನ್ನು ನೆಚ್ಚಿಕೊಂಡರೆ ಜನರನ್ನು ವಿಷದ ದಾರಿಗೇ ಕಳಿಸಿದಂತಾದೀತು. ಹಗಲಿಗೊಂದು, ರಾತ್ರಿಗೊಂದು, ಮಳೆಗಾಲಕ್ಕೆ ಇನ್ನೊಂದು ಬೇಕೇ ಬೇಕು. ಶಾಲೆ, ಅಂಗನವಾಡಿ, ಆಸ್ಪತ್ರೆ, ಹಾಸಿಗೆ ಹಿಡಿದವರಿರುವ ಮನೆಗಳನ್ನು ಅದರಲ್ಲಿ ಗುರುತಿಸಿ.

ಅತಿ ಕಷ್ಟದ ನಿರ್ಧಾರವೆಂದರೆ ಜನ ಮನೆಯೊಳಗಿರಬೇಕೋ, ಹೊರಡಬೇಕೋ ಎಂಬುದು. ವಿಷಾನಿಲದ ಮೋಡ ಹತ್ತಿರವಿದ್ದು ಬೇಗ ಸರಿದುಹೋಗುವಂತಿದ್ದರೆ, ಕಿಟಕಿ ಬಾಗಿಲು ಮುಚ್ಚಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ, ಫ್ಯಾನ್, ಎಸಿ ನಿಲ್ಲಿಸಿ ಒಳಗಿರುವುದೇ ಲೇಸು. ಸೋರಿಕೆ ನಿಲ್ಲುವ ಲಕ್ಷಣವಿಲ್ಲದಿದ್ದರೆ, ಅಥವಾ ಸ್ಫೋಟದ ಭಯವಿದ್ದರೆ, ಹೊರಡಬೇಕು. ಆಗ ಗಾಳಿಯ ಜೊತೆ ಓಡದೆ ಅದಕ್ಕೆ ಅಡ್ಡಲಾಗಿ ನಡೆಯಬೇಕು. ಉರಿಯುವ ಅನಿಲವಾದರೆ ಸ್ವಿಚ್ ಮುಟ್ಟಬಾರದು, ವಾಹನ ಚಾಲೂ ಮಾಡಬಾರದು. ಯಾವ ಸ್ಥಿತಿಯಲ್ಲಿ ಯಾವ ಆದೇಶ, ಅದನ್ನು ಕೊಡುವವರು ಯಾರು, ಅವರಿಲ್ಲದಿದ್ದರೆ ಯಾರು ಎಂಬುದು ಮೊದಲೇ ಲಿಖಿತವಾಗಿರಲಿ.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಎಂಬ, ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ರಾಸಾಯನಿಕದ ಆವಿ ಹೊರಬಿದ್ದಾಗ ಸೈರನ್ ಮೊಳಗಲಿಲ್ಲ, ಜನ ನಿದ್ದೆಯಲ್ಲಿದ್ದರು. ಆದ್ದರಿಂದ ಸೈರನ್ ಜೊತೆಗೆ ಮಸೀದಿ, ದೇವಸ್ಥಾನ, ಇಗರ್ಜಿಗಳ ಧ್ವನಿವರ್ಧಕ ಮತ್ತು ಆಶಾ ಕಾರ್ಯಕರ್ತೆಯರ ಫೋನ್ ಸರಪಳಿಯನ್ನೂ ಯೋಜನೆಗೆ ಸೇರಿಸಿಕೊಳ್ಳಬೇಕು. ಸಂದೇಶ ಕನ್ನಡದೊಂದಿಗೆ ತುಳು, ಬ್ಯಾರಿ, ಹಿಂದಿಯಲ್ಲೂ ಧ್ವನಿಮುದ್ರಿತವಾಗಿರಲಿ, ಏಕೆಂದರೆ ಕಾರ್ಖಾನೆ ಬದಿಯ ಬಾಡಿಗೆ ಕೋಣೆಗಳಲ್ಲಿ ಉತ್ತರ ಭಾರತದ ಕಾರ್ಮಿಕರೂ ಇರುತ್ತಾರೆ. 112 ಸಂಖ್ಯೆ ಎಲ್ಲರ ಬಾಯಲ್ಲಿರಲಿ.

ನಿಯಮದಂತೆ ಸ್ಥಳೀಯ ಸಮಿತಿ ತಿಂಗಳಿಗೊಮ್ಮೆ ಸಭೆ ಸೇರಿ, ಆರು ತಿಂಗಳಿಗೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು. ಅದರಲ್ಲಿ ಒಂದನ್ನಾದರೂ ರಾತ್ರಿ ನಡೆಸಿ, ಯಾವ ಮನೆಗೆ ಸೈರನ್ ಕೇಳಿಸಲಿಲ್ಲ, ಯಾವ ಫೋನ್ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂಬುದನ್ನು ಮರುದಿನವೇ ಯೋಜನೆಯಲ್ಲಿ ತಿದ್ದಿಕೊಳ್ಳಿ.